ಸಿಪ್ಪೆಯ ಲೆಕ್ಕ: ತಾಜಾ ಆಹಾರ ವಿಭಾಗದ ತಂತ್ರಾಂಶ ಕಲಿಯುವವರಿಗೆ

ಅಭ್ಯಾಸದ ಖಾತೆಯಲ್ಲಿ ನನ್ನ ಅನಾನಸ್ ದಾಸ್ತಾನು ನಿನ್ನೆ ರಾತ್ರಿ ‘−9.000 ಕೆ.ಜಿ.’ ಎಂದು ಕೆಂಪು ಅಕ್ಷರದಲ್ಲಿ ಕುಳಿತಿತ್ತು. ಇಲ್ಲದ ಹಣ್ಣನ್ನು ನಾನು ಕತ್ತರಿಸಿದ್ದೆ! ತಪ್ಪು ಎಲ್ಲಿದೆ ಎಂದು ಹುಡುಕಲು ಎರಡು ಗಂಟೆ ಹಿಡಿಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಹೊಸ ಸರಕು ಸೇರಿಸುವುದು, ಪೂರೈಕೆದಾರರ ಪಟ್ಟಿ, ಯಾರಿಗೆ ಯಾವ ಅನುಮತಿ ಎಂಬುದೆಲ್ಲ ಪರದೆ ನೋಡಿದರೇ ತಿಳಿಯುತ್ತದೆ, ಅದನ್ನು ಬಿಟ್ಟಿದ್ದೇನೆ.

ತಾಜಾ ಸರಕಿಗೆ ಬೇರೆ ತಂತ್ರಾಂಶ ಏಕೆ

ಬಿಸ್ಕತ್ತಿನ ಪೊಟ್ಟಣ ಒಂದಾಗಿ ಬರುತ್ತದೆ, ಒಂದಾಗಿಯೇ ಹೋಗುತ್ತದೆ. ಅನಾನಸ್ ಹಾಗಲ್ಲ. ಪೆಟ್ಟಿಗೆಯಲ್ಲಿ ಬರುತ್ತದೆ, ಕಿಲೋ ಲೆಕ್ಕದಲ್ಲಿ ದಾಸ್ತಾನಿಗೆ ಸೇರುತ್ತದೆ, ಹೋಳುಗಳ ಡಬ್ಬಿಯಾಗಿ ಮಾರಾಟವಾಗುತ್ತದೆ. ಅಂಗಡಿಯೊಳಗೇ ಸರಕಿನ ಹೆಸರು, ಅಳತೆ, ಆಯಸ್ಸು ಮೂರೂ ಬದಲಾಗುತ್ತವೆ. ಈ ಬದಲಾವಣೆಯನ್ನು ದಾಖಲಿಸುವುದೇ ‘ಉತ್ಪಾದನಾ ನಮೂದು’: ಇಡೀ ಹಣ್ಣಿನ ದಾಸ್ತಾನಿನಿಂದ ಕಳೆದು ಹೋಳಿನ ದಾಸ್ತಾನಿಗೆ ಕೂಡಿಸುತ್ತದೆ. ಎಷ್ಟು ಕಳೆದರೆ ಎಷ್ಟು ಕೂಡಬೇಕು ಎಂಬುದು ರೆಸಿಪಿಯಿಂದ (ಎಷ್ಟು ಹಣ್ಣಿಗೆ ಎಷ್ಟು ಹೋಳು ಎಂದು ತಂತ್ರಾಂಶದಲ್ಲಿ ಮೊದಲೇ ಬರೆದಿಟ್ಟ ಪ್ರಮಾಣ) ತಿಳಿಯುತ್ತದೆ.

ತಕ್ಕಡಿ ಮುದ್ರಿಸುವ 13 ಅಂಕೆಗಳು

ಬಿಡಿ ಹಣ್ಣಿಗೆ ಅಂಟಿಸಿದ ಪುಟ್ಟ ಚೀಟಿಯಲ್ಲಿರುವುದು ಪಿಎಲ್‌ಯು (ಪ್ರೈಸ್ ಲುಕ್-ಅಪ್, ಬೆಲೆ ಹುಡುಕುವ) ಸಂಖ್ಯೆ. ಬಾಳೆಹಣ್ಣಿಗೆ 4011. ಸಾವಯವದ್ದಾದರೆ ಮುಂದೆ 9 ಸೇರಿ 94011. ಅದು ಹಣ್ಣಿನ ಹೆಸರನ್ನಷ್ಟೇ ಹೇಳುತ್ತದೆ, ತೂಕವನ್ನಲ್ಲ.

ತಕ್ಕಡಿ ಮುದ್ರಿಸುವ ಲೇಬಲ್ ತೂಕವನ್ನೂ ಹೊತ್ತಿರುತ್ತದೆ. ಉದಾಹರಣೆಗೆ 2104567012501 ಎಂಬುದನ್ನು ಬಿಡಿಸೋಣ. ಮೊದಲಿನ 21, ಇದು ಅಂಗಡಿಯ ಒಳಬಳಕೆಯ ಸಂಖ್ಯೆ ಎಂಬ ಗುರುತು (20ರಿಂದ 29ರವರೆಗಿನವು ಇದಕ್ಕೇ ಮೀಸಲು). 04567 ಸರಕಿನ ಸಂಖ್ಯೆ. 01250 ಎಂದರೆ 1.250 ಕೆ.ಜಿ. ಕೊನೆಯ 1 ತಾಳೆ ನೋಡುವ ಅಂಕೆ: ಎಡದಿಂದ ಮೊದಲ ಹನ್ನೆರಡು ಅಂಕೆಗಳನ್ನು 1, 3, 1, 3 ಎಂದು ಸರದಿಯಲ್ಲಿ ಗುಣಿಸಿ ಕೂಡಿದರೆ 59 ಬರುತ್ತದೆ, ಮುಂದಿನ ಹತ್ತರ ಗುಣಕಕ್ಕೆ 1 ಕಡಿಮೆ.

ಎಡವುವುದು ತಾಳೆ ಅಂಕೆಗೆ ಮುಂಚಿನ ಐದು ಅಂಕೆಗಳಲ್ಲಿ. ಕೆಲವು ಅಂಗಡಿಗಳ ವ್ಯವಸ್ಥೆಯಲ್ಲಿ ಅದು ತೂಕ, ಕೆಲವು ಕಡೆ ಬೆಲೆ. ಅದೇ 01250 ಒಂದು ಕಡೆ ಒಂದೂಕಾಲು ಕಿಲೋ, ಇನ್ನೊಂದು ಕಡೆ ಹನ್ನೆರಡೂವರೆಯ ಬೆಲೆ. ತಾಳೆ ಅಂಕೆ ಎರಡಕ್ಕೂ ಸರಿಹೊಂದುವುದರಿಂದ ಯಂತ್ರ ತಕರಾರು ಮಾಡುವುದಿಲ್ಲ. ತಕ್ಕಡಿ, ಬಿಲ್ಲಿಂಗ್, ದಾಸ್ತಾನು ಮೂರಕ್ಕೂ ಒಂದೇ ವಿನ್ಯಾಸ ಹೇಳಿಕೊಟ್ಟಿದ್ದೇವೆಯೇ ಎಂದು ನಾವೇ ನೋಡಬೇಕು.

ಗುಣಿಸಬೇಡಿ, ಭಾಗಿಸಿ

ಈ ಟಿಪ್ಪಣಿ ಬರೆಯಲು ಕುಳಿತದ್ದೇ ಇದಕ್ಕಾಗಿ. 20 ಕೆ.ಜಿ. ಇಡೀ ಅನಾನಸ್ ತೆಗೆದುಕೊಂಡು ಜುಟ್ಟು, ಸಿಪ್ಪೆ, ನಡುವಿನ ದಿಂಡು ತೆಗೆದೆವು ಎನ್ನಿ. ತಟ್ಟೆಯಲ್ಲಿ 11 ಕೆ.ಜಿ. ಹೋಳು, ಬುಟ್ಟಿಯಲ್ಲಿ 9 ಕೆ.ಜಿ. ಸಿಪ್ಪೆ. ಇಳುವರಿ ಶೇ 55. ಇಡೀ ಹಣ್ಣಿನ ಖರೀದಿ ದರ ಕಿಲೋಗೆ 44 ಆದರೆ ಹೋಳಿನ ಅಸಲು ಎಷ್ಟು?

ನಾನು ಮಾಡಿದ್ದು: ಶೇ 45 ಹೋಯಿತಲ್ಲ, ಅಷ್ಟನ್ನು ಸೇರಿಸಿದರಾಯಿತು. 44 × 1.45 = 63.80. ನೋಡಲು ಎಷ್ಟು ಸರಿಯಾಗಿದೆ! ಆದರೆ ತಪ್ಪು.

ಕೈಲೆಕ್ಕ ಹಾಕಿದರೆ ಸಂಶಯ ಉಳಿಯುವುದಿಲ್ಲ. 20 ಕಿಲೋಗೆ ಕೊಟ್ಟದ್ದು 880. ಮಾರಲು ಸಿಕ್ಕಿದ್ದು 11 ಕಿಲೋ. 880 ÷ 11 = 80. ಅಂದರೆ 44 ÷ 0.55. ಆ ಶೇ 45 ಇಡೀ ಹಣ್ಣಿನದು, ಹೋಳಿನದಲ್ಲ. ನಾನು ದೊಡ್ಡದರ ಶೇಕಡಾವನ್ನು ಚಿಕ್ಕದರ ಬೆನ್ನಿಗೆ ಕಟ್ಟಿದ್ದೆ.

ಇದೇ ತಪ್ಪನ್ನು ಐದು ನಿಮಿಷದೊಳಗೆ ಎರಡನೆಯ ಬಾರಿ ಮಾಡಿದೆ. ವಿಭಾಗದ ಗುರಿ ಶೇ 40 ಮಾರ್ಜಿನ್. ಮಾರ್ಜಿನ್ ಎಂದರೆ ಲಾಭವು ಮಾರಾಟ ಬೆಲೆಯ ಎಷ್ಟು ಶೇಕಡಾ ಎಂಬುದು. ಅಸಲಿನ ಶೇಕಡಾ ಆದರೆ ಅದು ಮಾರ್ಕಪ್. ಆದ್ದರಿಂದ ಬೆಲೆ 80 ÷ 0.60 = 133.33. ನಾನು ನನ್ನ ತಪ್ಪು ಅಸಲನ್ನು 1.4ರಿಂದ ಗುಣಿಸಿ 89.32 ಎಂದು ಲೇಬಲ್ ಹಾಕಿದೆ. ನಿಜವಾದ ಅಸಲು 80. ಹತ್ತು ಡಬ್ಬಿಗಳಲ್ಲಿ ಒಂದು ಮಾರಾಟವಾಗದೆ ಎಸೆದರೆ ಕಿಲೋಗೆ ಕೈಗೆ ಬರುವುದು 80.39. ದಿನವಿಡೀ ಚಾಕು ಹಿಡಿದು ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಡಬ್ಬಿಯ ದರ, ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ನನ್ನ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಇದೆ: ‘ಈ ಶೇಕಡಾ ಯಾವುದರದ್ದು?’ ಯಾವುದರ ಶೇಕಡಾವೋ ಅದು ಕೈಯಲ್ಲಿದ್ದರೆ ಗುಣಿಸು. ಅದನ್ನೇ ಕಂಡುಹಿಡಿಯಬೇಕಾಗಿದ್ದರೆ ಭಾಗಿಸು. 20 ಕಿಲೋ ಹಣ್ಣಿನಿಂದ ಎಷ್ಟು ಹೋಳು? ಗುಣಿಸು, 11. ನಾಳೆಗೆ 22 ಕಿಲೋ ಹೋಳು ಬೇಕು, ಎಷ್ಟು ಹಣ್ಣು ತರಿಸಲಿ? ಭಾಗಿಸು, 40. ಮಾಂಸದ ಮೂಳೆಗೂ ಮೀನಿನ ತಲೆಗೂ ಇದೇ ಸೂತ್ರ.

−9 ಬಂದದ್ದು ಹೇಗೆ

ಬುಟ್ಟಿಯಲ್ಲಿ 9 ಕಿಲೋ ಸಿಪ್ಪೆ ಕಣ್ಣೆದುರಿಗಿತ್ತು. ‘ಎಸೆದದ್ದೆಲ್ಲವನ್ನೂ ನಮೂದಿಸಿ’ ಎಂದು ಪಾಠದಲ್ಲಿ ಓದಿದ್ದೆ. ವಿಧೇಯತೆಯಿಂದ ನಷ್ಟದ ಪಟ್ಟಿಗೆ ಹೋಗಿ ‘ಅನಾನಸ್, 9 ಕೆ.ಜಿ.’ ಎಂದು ಬರೆದೆ. ಆದರೆ ಉತ್ಪಾದನಾ ನಮೂದು ಅದಾಗಲೇ 20 ಕಿಲೋವನ್ನೂ ಕಳೆದಿತ್ತು. ಆ ಇಪ್ಪತ್ತರಲ್ಲಿ ಸಿಪ್ಪೆಯೂ ಸೇರಿತ್ತು. ಒಟ್ಟು ಕಳೆದದ್ದು 29, ಇದ್ದದ್ದು 20. ಒಂದೇ ಸಿಪ್ಪೆಯನ್ನು ಎರಡು ಸಲ ಸುಲಿದಿದ್ದೆ. ದಾಸ್ತಾನು ಕಡಿಮೆ ಎಂದು ನಂಬಿದ ತಂತ್ರಾಂಶ ಮರುದಿನದ ಖರೀದಿ ಸಲಹೆಗೆ 9 ಕಿಲೋ ಹೆಚ್ಚಿಗೆ ಸೇರಿಸಿತು. ಇದು ನಿಜವಾದ ಅಂಗಡಿಯಾಗಿದ್ದರೆ ಆ ಹೆಚ್ಚುವರಿ ಹಣ್ಣು ಕೊಳೆತು ನಿಜವಾದ ನಷ್ಟವೇ ಆಗುತ್ತಿತ್ತು.

ಹಾಗಾಗಿ ಮೂರು ಬುಟ್ಟಿಗಳನ್ನು ಮನಸ್ಸಿನಲ್ಲಿ ಬೇರೆಯಾಗಿಡಬೇಕು. ರೆಸಿಪಿ ಮೊದಲೇ ನಿರೀಕ್ಷಿಸಿದ ಸಿಪ್ಪೆ ನಷ್ಟವೇ ಅಲ್ಲ, ಅದು ಅಸಲಿನಲ್ಲಿ ಸೇರಿಹೋಗಿದೆ. 11 ಬರಬೇಕಾದಲ್ಲಿ 10 ಕಿಲೋ ಮಾತ್ರ ಬಂದರೆ ಅದು ಇಳುವರಿಯ ಕೊರತೆ. ಉತ್ಪಾದನಾ ನಮೂದಿನಲ್ಲೇ ನಿಜವಾಗಿ ಬಂದ ತೂಕ ಬರೆಯಬೇಕು, ಆಗ ಅಸಲು ತಾನಾಗಿ 88ಕ್ಕೆ ಏರುತ್ತದೆ (ಚಾಕು ಮೊಂಡೋ ಹಣ್ಣೇ ಸಣ್ಣದೋ ಎಂದು ಹುಡುಕಲು ಇದೇ ಸುಳಿವು). ಮೂರನೆಯದು ಅವಧಿ ಮುಗಿದು ಎಸೆದ ಡಬ್ಬಿ. ನಷ್ಟದ ಪಟ್ಟಿಗೆ ಹೋಗಬೇಕಾದದ್ದು ಇದು, ಅದೂ ಹೋಳಿನ ಸರಕು ಸಂಖ್ಯೆಯಲ್ಲಿ, ಕಿಲೋಗೆ 80ರಂತೆ. ಇಡೀ ಹಣ್ಣಿನ ಸರಕು ಸಂಖ್ಯೆಯಲ್ಲಿ ಬರೆದರೆ 44ಕ್ಕೆ ಇಳಿದು ನಷ್ಟ ಸುಮಾರು ಅರ್ಧದಷ್ಟೇ ಕಾಣುತ್ತದೆ.

ಸರಿಪಡಿಸುವಾಗಲೂ ಒಂದು ಎಚ್ಚರ. ದಾಸ್ತಾನು ಎಣಿಕೆಯಲ್ಲಿ ‘0’ ಎಂದು ಒತ್ತಿದರೆ ಕೆಂಪಕ್ಷರ ಮಾಯವಾಗುತ್ತದೆ, ನಾನೂ ಮೊದಲು ಹಾಗೆಯೇ ಮಾಡಿದೆ. ಆದರೆ ನಷ್ಟದ ವರದಿಯಲ್ಲಿ 9 ಕಿಲೋ ಹಾಗೆಯೇ ಉಳಿಯಿತು, ಎಣಿಕೆಯ ವರದಿಯಲ್ಲಿ ಎಲ್ಲಿಂದಲೋ 9 ಕಿಲೋ ‘ಸಿಕ್ಕಿತು’. ತಪ್ಪು ನಮೂದನ್ನೇ ರದ್ದುಮಾಡಬೇಕು.

ಎಷ್ಟು ಕತ್ತರಿಸಬೇಕು

ಒಂದು ಕಿಲೋ ಹೋಳು ಮಾರಿದರೆ ಗಳಿಕೆ 53.33 (133.33 − 80), ಎಸೆದರೆ ನಷ್ಟ 80. ಗಳಿಕೆಯನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.40. ಕಳೆದ ಹತ್ತು ದಿನಗಳ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಾಲ್ಕನೆಯದನ್ನು (ಹತ್ತರ 0.40 ಭಾಗ) ಆರಿಸಿಕೊಂಡು ಅಷ್ಟೇ ಕತ್ತರಿಸಿ ಎಂದು ಇದರ ಒರಟು ಅರ್ಥ. ಸಾಮಾನ್ಯವಾಗಿ ಸರಾಸರಿಗಿಂತಲೂ ಕಡಿಮೆ! ನನಗಂತೂ ನಂಬಲು ಕಷ್ಟವಾಯಿತು. ಆದರೆ ಸಂಜೆ ಅರ್ಧ ಬೆಲೆಗೆ ಉಳಿದದ್ದೆಲ್ಲ ಖಾಲಿಯಾಗುತ್ತದೆ ಎಂದಾದರೆ ನಷ್ಟ 80ರಿಂದ 13.33ಕ್ಕೆ ಇಳಿಯುತ್ತದೆ, ಉತ್ತರ 0.80 ಆಗುತ್ತದೆ, ಎಂಟನೆಯದನ್ನು ಆರಿಸಬಹುದು. ರಿಯಾಯಿತಿಯ ಚೀಟಿಗೂ ಬೆಳಗಿನ ಚಾಕುವಿಗೂ ಇಷ್ಟು ನಂಟಿದೆ.

ಬೇಡಿಕೆ ಎಂದೆ, ಮಾರಾಟ ಎನ್ನಲಿಲ್ಲ. ಮಧ್ಯಾಹ್ನ ಎರಡಕ್ಕೇ ತಟ್ಟೆ ಖಾಲಿಯಾದ ದಿನದ ಮಾರಾಟ 12 ಕಿಲೋ ಎಂದಿದ್ದರೆ, ಬೇಡಿಕೆ ಹನ್ನೆರಡಕ್ಕೆ ನಿಂತಿತು ಎಂದಲ್ಲ. ಕೊನೆಯ ಡಬ್ಬಿ ಎಷ್ಟು ಗಂಟೆಗೆ ಹೋಯಿತು ಎಂಬ ಕಾಲಂ ವರದಿಯಲ್ಲಿ ಅಡಗಿರುತ್ತದೆ, ಅದನ್ನು ತೆರೆದಿಟ್ಟುಕೊಂಡೇ ಅಂದಾಜು ಮಾಡಿ.

ಉಳಿದ ಚೂರುಪಾರು

ಬಂದ ಪೆಟ್ಟಿಗೆಯ ಉದ್ದನೆಯ ಬಾರ್‌ಕೋಡಿನಲ್ಲಿ 10 ಎಂಬ ಗುರುತಿನ ನಂತರ ಬರುವುದು ಬ್ಯಾಚ್ ಸಂಖ್ಯೆ, 3103 ಎಂಬ ಗುರುತಿನ ನಂತರ ಮೂರು ದಶಾಂಶ ಸ್ಥಾನಗಳ ಕಿಲೋ ತೂಕ. ಕತ್ತರಿಸುವಾಗ ಆ ಬ್ಯಾಚನ್ನು ಹೋಳಿನ ಡಬ್ಬಿಗೆ ಜೋಡಿಸದಿದ್ದರೆ, ಮುಂದೆ ಸರಕು ವಾಪಸು ಪಡೆಯಬೇಕಾದಾಗ ಜಾಡು ಚಾಕುವಿನ ಬಳಿಯೇ ಕಡಿದುಹೋಗುತ್ತದೆ. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಖಾಲಿ ಡಬ್ಬಿಯ ತೂಕ ಕಳೆಯುವ ಗುಂಡಿಯನ್ನು ನಾನು ಇನ್ನೂ ಎರಡಕ್ಕೊಂದು ಬಾರಿ ಮರೆಯುತ್ತಿದ್ದೇನೆ.