ಸೀಟು ಸಿಕ್ತಾ?

ಪಿಯುಸಿ ಮುಗಿಸಿದ ಮಕ್ಕಳು ಮದುವೆ ಮನೆಯಲ್ಲಿ ಕಣ್ಣಿಗೆ ಬಿದ್ದರೆ ನಮ್ಮವರು ಕೇಳುವುದು ಒಂದೇ: "ಸೀಟು ಸಿಕ್ತಾ?" ಯಾವ ವಿಷಯ ಇಷ್ಟ, ಏನು ಓದಬೇಕು ಅಂತಿದ್ದೀಯ ಎನ್ನುವುದೆಲ್ಲ ಆಮೇಲಿನ ಮಾತು. ಎಷ್ಟೋ ಸಲ ಆ ಮಾತು ಬರುವುದೇ ಇಲ್ಲ, ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ.

ಎರಡು ವರ್ಷದ ಹಿಂದೆ ಅಕ್ಕನ ಮಗನ ಜೊತೆ ತಿಪಟೂರಿನ ಒಂದು ಸೈಬರ್ ಸೆಂಟರಿನಲ್ಲಿ ಅರ್ಧ ದಿನ ಕೂತಿದ್ದೆ. ವೃತ್ತಿ ಶಿಕ್ಷಣದ ಪ್ರವೇಶ ಪರೀಕ್ಷೆ ಸಿಇಟಿಯ ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಭಾವನ ಕೈಯಲ್ಲಿ ಕೊಬ್ಬರಿ ಲೆಕ್ಕ ಬರೆಯುವ ಪುಸ್ತಕ, ಅದರ ಹಿಂದಿನ ಹಾಳೆಗಳಲ್ಲಿ ಕಾಲೇಜುಗಳ ಕೋಡು. ಎತ್ತಿನಹೊಳೆ ಕಾಲುವೆ ಅವರ ಊರಿನ ಪಕ್ಕದಲ್ಲೇ ಹಾಯುತ್ತದೆ. ಹೈಸ್ಕೂಲಿನಲ್ಲಿದ್ದಾಗ ಆ ಕೆಲಸ ನೋಡುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದ ಹುಡುಗ ಮೆಲ್ಲಗೆ, "ಮಾವ, ಸಿವಿಲ್ ಮೇಲೆ ಹಾಕ್ಲಾ?" ಅಂದ. ನಾನು ಬಾಯಿ ತೆರೆಯುವುದರೊಳಗೆ ಕೀಬೋರ್ಡಿನ ಮುಂದೆ ಇದ್ದವರು ಉತ್ತರ ಕೊಟ್ಟಾಗಿತ್ತು: "ಈ ರ‍್ಯಾಂಕ್ ಇಟ್ಕೊಂಡು ಸಿವಿಲ್ ಯಾಕಪ್ಪ? ಸಿಎಸ್, ಐಎಸ್, ಎಐಎಂಎಲ್ ಎಲ್ಲಾ ಮುಗೀಲಿ, ಆಮೇಲೆ ಇಸಿ ಹಾಕೋಣ." ಮೊದಲ ಮೂರೂ ಕಂಪ್ಯೂಟರಿನ ಬ್ರಾಂಚು, ಇಸಿ ಎಂದರೆ ಎಲೆಕ್ಟ್ರಾನಿಕ್ಸ್. ಭಾವ ತಲೆಯಾಡಿಸಿದರು. ದಿನಕ್ಕೆ ಅಷ್ಟು ಜನರಿಗೆ ಹಾಕಿಕೊಡುವವರಿಗೆ ಗೊತ್ತಿಲ್ಲದೇ ಇರುತ್ತದೆಯೇ? ಸಿವಿಲ್ ಪಟ್ಟಿಯಲ್ಲಿ ನಲವತ್ತರ ಆಚೆ ಹೋಯಿತು. ನಾನೂ ಸುಮ್ಮನಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಈ ಸುಮ್ಮನಿರುವಿಕೆಗೆ ನಮ್ಮಲ್ಲಿ ದೊಡ್ಡ ಇತಿಹಾಸವೇ ಇದೆ.

ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿ, ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಬೇಕಾಯಿತು. 1883ರಲ್ಲಿ ಅಲ್ಲಿಂದ ಪಾಸಾದವರು ದಿವಾನರಾದ ಮೇಲೆ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದವು. ಇವತ್ತಿನ ಯುವಿಸಿಇ ಅದೇ. 1946-47ರ ಹೊತ್ತಿಗೆ ಬೆಂಗಳೂರಿನಲ್ಲಿ ಬಿಎಂಎಸ್, ಮೈಸೂರಿನಲ್ಲಿ ಎನ್‌ಐಇ, ಹುಬ್ಬಳ್ಳಿಯಲ್ಲಿ ಬಿವಿಬಿ ಬಂದವು. ಬೆಂಗಳೂರಿನಲ್ಲಿ ಎಚ್‌ಎಎಲ್ ಆಗಲೇ ಇತ್ತು, ಹಿಂದೆಯೇ ದೂರವಾಣಿ ಕಾರ್ಖಾನೆ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಓದಿದರೆ ಕೆಲಸ ಎನ್ನುವುದು ಕಣ್ಣೆದುರೇ ಇತ್ತು. ಸೀಟು ಮಾತ್ರ ಕಡಿಮೆ.

ಜಗಳ ಶುರುವಾದದ್ದೂ ಅಲ್ಲಿಂದಲೇ. ವೃತ್ತಿ ಶಿಕ್ಷಣದ ಸೀಟುಗಳ ಬಗ್ಗೆ ಇಡೀ ದೇಶಕ್ಕೆ ಅನ್ವಯವಾಗುವ ತೀರ್ಪುಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ರಾಜ್ಯದ ಹೆಸರು ಬರುವಷ್ಟು ಸಲ ಇನ್ನೊಂದರದು ಬರಲಿಕ್ಕಿಲ್ಲ. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ 68% ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ರದ್ದುಮಾಡಿತು. ಅದು ಬಾಲಾಜಿ ಪ್ರಕರಣ. ಮೀಸಲಾತಿ 50% ಒಳಗಿರಬೇಕು ಎಂಬ ಮಾತು ಹುಟ್ಟಿದ್ದು ಅಲ್ಲಿ.

ನನಗೆ ಅದಕ್ಕಿಂತ ಕುತೂಹಲದ್ದು 1964ರ ಚಿತ್ರಲೇಖಾ ಪ್ರಕರಣ. ಆಗ ಬರೀ ಪರೀಕ್ಷೆಯ ಅಂಕ ನೋಡಿ ಸೀಟು ಕೊಡುತ್ತಿರಲಿಲ್ಲ, ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಒಟ್ಟು ಅಂಕದ 25%ರಷ್ಟು ಅದಕ್ಕೆ ಇಟ್ಟಿದ್ದರು. ಅಭ್ಯರ್ಥಿಯ ಸಾಮಾನ್ಯ ಜ್ಞಾನ, ಒಲವು, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ ಎಲ್ಲವನ್ನೂ ನೋಡಬೇಕಿತ್ತು. ಒಲವು! ಸರ್ಕಾರಿ ಕಾಗದದಲ್ಲಿ ಆ ಮಾತು ಇದ್ದ ಕಾಲವೂ ಒಂದಿತ್ತು. ಆದರೆ ಒಲವನ್ನು ಅಳೆಯುವವರು ಮನುಷ್ಯರು, ಅವರ ಕಿವಿಗೆ ಶಿಫಾರಸು ತಲುಪುತ್ತದೆ ಎನ್ನುವುದು ದೂರು. ಸಂದರ್ಶನದ ಪದ್ಧತಿಯೇ ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಲಿಲ್ಲ, ಜನರ ಅನುಮಾನವೂ ಹೋಗಲಿಲ್ಲ. ಬರಬರುತ್ತಾ ಅಂಕವೇ ಗಟ್ಟಿಯಾಯಿತು. ಹುಡುಗನಿಗೆ ಏನಿಷ್ಟ ಎಂದು ಕೇಳುವುದೇ ಲಂಚಕ್ಕೆ ಬಾಗಿಲು ತೆರೆದಂತೆ ಎಂಬ ಭಾವನೆ ಹೇಗೋ ಒಳಗೆ ಇಳಿದುಬಿಟ್ಟಿತು.

ಆಮೇಲಿನ ಕತೆ ದುಡ್ಡಿನದು. ಖಾಸಗಿ ಕಾಲೇಜುಗಳು ಹೆಚ್ಚಿದವು, ಡೊನೇಷನ್ ಬಂತು, ಹೀಗೆ ಸೀಟಿಗೆಂದು ಹೆಚ್ಚುವರಿಯಾಗಿ ಕೀಳುವ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯೂ 1984ರಲ್ಲಿ ಬಂತು. ಹೊರರಾಜ್ಯದ ಮೋಹಿನಿ ಜೈನ್ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಕೇಳಿದಾಗ ಸರ್ಕಾರವೇ ನಿಗದಿ ಮಾಡಿದ್ದ ದರ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಿಂದ 25,000, ಹೊರಗಿನವರಿಂದ 60,000ದವರೆಗೆ. 1992ರಲ್ಲಿ ಸುಪ್ರೀಂ ಕೋರ್ಟ್ ಇದು ಕ್ಯಾಪಿಟೇಶನ್ನೇ ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳಲ್ಲೂ ಮೆರಿಟ್ ಮೇಲೆ ತುಂಬಬೇಕಾದ ಫ್ರೀ ಸೀಟು, ಹೆಚ್ಚು ಶುಲ್ಕದ ಪೇಮೆಂಟ್ ಸೀಟು ಎಂದು ವಿಂಗಡಿಸಿತು. ಅದರ ಬೆನ್ನಿಗೆ 1994ರಲ್ಲಿ ಸಿಇಟಿ.

ಸಿಇಟಿ ಮಾಡಿದ ಉಪಕಾರವನ್ನು ಕಡೆಗಣಿಸಬಾರದು. ಕೂಲಿಯವರ ಮಗಳು, ಮೇಷ್ಟ್ರ ಮಗ ಯಾರ ಮನೆ ಬಾಗಿಲಿಗೂ ಹೋಗದೆ ಡಾಕ್ಟರು, ಎಂಜಿನಿಯರು ಆದದ್ದು ಅದರಿಂದ. ಆ ದಿನಗಳಲ್ಲಿ ಕೌನ್ಸೆಲಿಂಗ್ ಎಂದರೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಮೂಲ ದಾಖಲೆಗಳ ಫೈಲು ಎದೆಗವಚಿಕೊಂಡು ಸರದಿ ಕಾಯುವುದು. ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಇಳಿಯುತ್ತಾ ಹೋಗುತ್ತಿತ್ತು. ಹೆಸರು ಕರೆದ ಮೇಲೆ ಕೆಲವೇ ನಿಮಿಷದಲ್ಲಿ ಬದುಕು ತೀರ್ಮಾನ. ಕೌನ್ಸೆಲಿಂಗ್ ಅಂತ ಹೆಸರು, ಸಲಹೆ ಕೊಡುವವರು ಯಾರೂ ಇಲ್ಲ. ಆಮೇಲೆ ಅದೆಲ್ಲ ಆನ್‌ಲೈನ್ ಆಗಿ ಸೈಬರ್ ಸೆಂಟರಿಗೆ ಬಂತು.

ವಿಚಿತ್ರ ನೋಡಿ, ಈಗಿನ ಕಂಪ್ಯೂಟರು ಹುಡುಗನ ಇಷ್ಟ ಕೇಳಲು ತಯಾರಾಗಿಯೇ ಕೂತಿದೆ. ಅದು ಮೊದಲ ರ‍್ಯಾಂಕಿನಿಂದ ಹಿಡಿದು ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿಂದ ಕೆಳಕ್ಕೆ ನೋಡುತ್ತದೆ, ಅವರವರ ವರ್ಗದಲ್ಲಿ ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಸಿಗದ ಸೀಟನ್ನು ಮೇಲೆ ಹಾಕಿದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಸಿಕ್ಕಿದ ಮೇಲೂ ನಾಲ್ಕು ದಾರಿ: ಛಾಯ್ಸ್ 1 ಎಂದರೆ ಇದೇ ಸಾಕು, 2 ಎಂದರೆ ಇದು ಇರಲಿ, ಇನ್ನೂ ಮೇಲಿನದು ಸಿಕ್ಕರೆ ಕೊಡಿ, 3 ಎಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ, 4 ಎಂದರೆ ನಮಸ್ಕಾರ. ಆದರೂ ಪಟ್ಟಿ ತುಂಬುವಾಗ ನಾವು ನೋಡುವುದು ಹೋದ ವರ್ಷದ ಕಟ್‌ಆಫ್. ಕಟ್‌ಆಫ್ ಎಂದರೇನು? ಹೋದ ವರ್ಷ ಬೇರೆಯವರು ಯಾವುದಕ್ಕೆ ಮುಗಿಬಿದ್ದರು ಎನ್ನುವುದರ ಲೆಕ್ಕ. ಅವರೂ ಅದರ ಹಿಂದಿನ ವರ್ಷದ್ದು ನೋಡಿಯೇ ತುಂಬಿದ್ದರು.

ಏಣಿಯ ಮೇಲಿನ ಮೆಟ್ಟಿಲು ಮಾತ್ರ ಬದಲಾಗುತ್ತಾ ಬಂದಿದೆ. ಸಾರ್ವಜನಿಕ ಉದ್ದಿಮೆಗಳ ಕಾಲದಲ್ಲಿ ಮೆಕ್ಯಾನಿಕಲ್‌ಗೆ, ಎಲೆಕ್ಟ್ರಾನಿಕ್ಸ್‌ಗೆ ಮರ್ಯಾದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಗಾಳಿ ತಿರುಗಿತು. ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೆ ಬಂದು ಯಾವ ಬ್ರಾಂಚಿನವರನ್ನಾದರೂ ತೆಗೆದುಕೊಳ್ಳತೊಡಗಿದಾಗ, ನೇರ ಸಿಎಸ್‌ಗೇ ಹೋದರಾಯಿತಲ್ಲ ಎನ್ನುವುದು ಸಹಜ ಲೆಕ್ಕ. 2024ರಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದಾಗ ದೊಡ್ಡ ಕಾಲೇಜುಗಳಲ್ಲಿ ಸಿಎಸ್ ಇನ್ನಷ್ಟು ಉಬ್ಬಿತು. ಸಿವಿಲ್, ಮೆಕ್ಯಾನಿಕಲ್ ಮೇಷ್ಟ್ರುಗಳಿಗೆ ಪಾಠ ಮಾಡಲು ಮಕ್ಕಳಿಲ್ಲ.

ಹೀಗೆ ಸಿಕ್ಕ ಸೀಟಿನಲ್ಲಿ ಉಳಿಯುವುದು ಬೇರೆಯೇ ಪಾಡು. ಸೋರಿಕೆ ಎಂಜಿನಿಯರಿಂಗ್‌ಗೂ ಮೊದಲೇ, ಫಸ್ಟ್ ಪಿಯುಸಿಯಲ್ಲಿ ಶುರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಎಪ್ಪತ್ತು-ಎಂಬತ್ತು ಪರ್ಸೆಂಟ್ ತೆಗೆದವರು ಸೈನ್ಸಿನ ಪಿಸಿಎಂಬಿ ಸೇರುತ್ತಾರೆ. 'ವೇಗೋತ್ಕರ್ಷ' ಗೊತ್ತಿದ್ದವರಿಗೆ 'ಆಕ್ಸಿಲರೇಶನ್' ಹೊಸದಾಗಿ ಹುಟ್ಟುತ್ತದೆ. ಮೊದಲ ಟೆಸ್ಟು ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಕೆಲವರು ಆರ್ಟ್ಸ್‌ನ ಎಚ್ಇಪಿಎಸ್ ಕ್ಲಾಸಿನಲ್ಲಿರುತ್ತಾರೆ. ಅದನ್ನು ಯಾರೂ 'ಇತಿಹಾಸ ಆರಿಸಿಕೊಂಡ' ಅನ್ನುವುದಿಲ್ಲ, 'ಸೈನ್ಸ್ ಬಿಟ್ಟ' ಅನ್ನುತ್ತಾರೆ. ಇತಿಹಾಸವನ್ನು ಇಷ್ಟಪಟ್ಟು ಓದುವವರಿಗೂ ಇದೇ ಹಣೆಪಟ್ಟಿ ಎನ್ನುವುದು ನನಗೆ ಸಿಟ್ಟು ಬರಿಸುವ ಸಂಗತಿ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ 5%, ಗ್ರಾಮೀಣರಿಗೆ 15% ಒಳಮೀಸಲಾತಿ ಇದೆ. ಅದು ಬಾಗಿಲು ದಾಟಿಸುತ್ತದೆ, ಕ್ಲಾಸಿನೊಳಗೆ ಕೈಹಿಡಿಯುವುದಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಸೇರಿದ ಮೇಲೆ ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್, ಆಮೇಲೆ ಎಲ್ಲರೂ ಹೆದರುವ ಮೂರನೇ ಸೆಮಿಸ್ಟರಿನ ಗಣಿತ, ಎಂ-ತ್ರೀ. ಬ್ಯಾಕ್, ಅಂದರೆ ಪಾಸಾಗದೆ ಉಳಿದ ವಿಷಯ, ಜಾಸ್ತಿಯಾದರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ಹಾಸ್ಟೆಲಿನಲ್ಲಿ ಬ್ಯಾಕ್ ಇಲ್ಲದವನನ್ನು 'ಆಲ್ ಕ್ಲಿಯರ್' ಎಂದು ಪರಿಚಯಿಸುತ್ತಾರೆ, ಬಿರುದಿನ ಹಾಗೆ.

ಬಿಎ, ಬಿಎಸ್ಸಿ ಕಡೆ ಆರಿಸಿಕೊಳ್ಳಲು ಬಿಡುವ ಪ್ರಯತ್ನವೊಂದು ನಡೆಯಿತು. 2021-22ರಲ್ಲಿ ಕರ್ನಾಟಕ ಎಲ್ಲರಿಗಿಂತ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು: ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಮಧ್ಯದಲ್ಲಿ ಬಿಟ್ಟರೂ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ. ಕಾಗದದ ಮೇಲೆ ವಾಣಿಜ್ಯದವರು ಸಂಗೀತ ಓದಬಹುದಿತ್ತು. ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಯಾವ ಅತಿಥಿ ಉಪನ್ಯಾಸಕರು ಇದ್ದಾರೋ ಅವರ ವಿಷಯವೇ ಓಪನ್ ಎಲೆಕ್ಟಿವ್. ಸರ್ಕಾರ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ.

ಇಡೀ ಸಿಇಟಿಯಲ್ಲಿ ಹುಡುಗನಿಗೆ ಆ ವಿಷಯದ ಒಡನಾಟ ಇದೆಯೇ ಎಂದು ಪರೀಕ್ಷಿಸುವ ಜಾಗ ನನಗೆ ಕಂಡದ್ದು ಒಂದೇ, ಬಿಎಸ್ಸಿ ಕೃಷಿಯ ಕೃಷಿಕರ ಕೋಟಾ. ರೈತರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ಇಡುತ್ತಾರೆ. ಬೀಜ, ಗೊಬ್ಬರ, ಉಪಕರಣ ಮುಂದಿಟ್ಟು ಇದೇನೆಂದು ಗುರುತಿಸಬೇಕು. ಅದಕ್ಕೂ ಈಗ ಕೋಚಿಂಗ್ ಇದೆ, ಇರಲಿ. ರಾಗಿ ಯಾವುದು, ನವಣೆ ಯಾವುದು ಎಂದು ಹೇಳಬಲ್ಲವನಿಗೆ ಅಂಕ ಸಿಗುವ ಪರೀಕ್ಷೆಯೊಂದು ಉಳಿದಿದೆಯಲ್ಲ ಅನ್ನಿಸುತ್ತದೆ.

ಅಕ್ಕನ ಮಗನಿಗೆ ಎರಡನೇ ಸುತ್ತಿನಲ್ಲಿ ಎಐಎಂಎಲ್ ಸಿಕ್ಕಿತು. ಊರಿಗೆಲ್ಲ ಹೋಳಿಗೆ ಊಟ. ಮೊದಲ ವರ್ಷ ಮುಗಿದ ಮೇಲೆ ಬ್ರಾಂಚ್ ಚೇಂಜ್ ಕೇಳಲು ಆಫೀಸಿಗೆ ಹೋದ. ಸೇರುವವರಿಲ್ಲ ಎಂದು ಆ ಕಾಲೇಜಿನಲ್ಲಿ ಸಿವಿಲ್ ಅನ್ನೇ ನಿಲ್ಲಿಸಿದ್ದರು. ಈಗ ಎಂ-ತ್ರೀ ಒಂದು ಬ್ಯಾಕ್ ಇದೆ. ಅವನ ತಂಗಿ ಈ ಸಲ ಸೆಕೆಂಡ್ ಪಿಯುಸಿ. ಹೋದ ತಿಂಗಳು ಫೋನಿನಲ್ಲಿ, "ಅವಳ ಆಪ್ಶನ್ ನಾನೇ ಹಾಕ್ತೀನಿ ಮಾವ, ಆ ಸೈಬರ್‌ಗೆ ಹೋಗೋದು ಬೇಡ" ಅಂದ. ಅವಳು ಏನು ಓದಬೇಕು ಅಂತಾಳೆ ಎಂದು ಕೇಳಿದೆ.

"ಮೊದ್ಲು ರಿಸಲ್ಟ್ ಬರ್ಲಿ ಬಿಡಿ ಮಾವ. ರ‍್ಯಾಂಕ್ ನೋಡ್ಕೊಂಡು ಹೇಳ್ತೀನಿ."