ಒಂದೇ ಸೀಟು, ಎರಡು ಕ್ಲಿಕ್

ಭಾನುವಾರ ಸಂಜೆ. ಉಡುಪಿಯಿಂದ ಮಂಗಳೂರು ಮಾರ್ಗವಾಗಿ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ ಅಂದುಕೊಳ್ಳಿ. ಮಣಿಪಾಲದ ಹಾಸ್ಟೆಲಿನಲ್ಲಿ ಒಬ್ಬ ಹುಡುಗ, ಸುರತ್ಕಲ್ಲಿನ ಮನೆಯಲ್ಲಿ ಒಬ್ಬಳು ಹುಡುಗಿ. ಇಬ್ಬರ ಫೋನಿನಲ್ಲೂ ಅದು ಖಾಲಿ ಎಂದೇ ಕಾಣುತ್ತಿದೆ. ಇಬ್ಬರೂ ಒಂದೇ ಗಳಿಗೆಯಲ್ಲಿ ‘ಬುಕ್’ ಒತ್ತಿದರೆ ಸೀಟು ಯಾರಿಗೆ?

ಮೊದಲು ಒತ್ತಿದವರಿಗೆ ಅನ್ನುತ್ತೀರಿ. ಆದರೆ ಯಾರು ಮೊದಲು ಒತ್ತಿದರು ಅನ್ನೋದು ಸರ್ವರ್‌ಗೆ, ಅಂದರೆ ಬುಕಿಂಗ್ ನೋಡಿಕೊಳ್ಳುವ ಕಂಪ್ಯೂಟರಿಗೆ, ಗೊತ್ತಾಗುವುದಿಲ್ಲ. ಯಾರ ಕೋರಿಕೆ ಮೊದಲು ಬಂತು ಅನ್ನೋದಷ್ಟೇ ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೆಚ್ಚು ಯೋಚಿಸದೆ ಬರೆದ ಪ್ರೋಗ್ರಾಂ ಈ ಕೆಲಸವನ್ನು ಎರಡು ಹೆಜ್ಜೆಯಲ್ಲಿ ಮಾಡುತ್ತದೆ. ಸೀಟು ಖಾಲಿ ಇದೆಯಾ ನೋಡು. ಇದ್ದರೆ ಹೆಸರು ಬರೆ. ಸರ್ವರ್ ಹಲವು ಕೋರಿಕೆಗಳನ್ನು ಒಟ್ಟೊಟ್ಟಿಗೇ ನೋಡಿಕೊಳ್ಳುತ್ತಿರುತ್ತದೆ. ಹಾಗಾಗಿ ಹುಡುಗನ ಪಾಲಿನ ‘ನೋಡು’ ಮುಗಿದು ‘ಬರೆ’ ಶುರುವಾಗುವ ಮೊದಲೇ ಹುಡುಗಿಯ ‘ನೋಡು’ ನಡೆದುಬಿಡಬಹುದು. ಇಬ್ಬರಿಗೂ ಖಾಲಿ ಎಂಬ ಉತ್ತರ ಸಿಗುತ್ತದೆ. ಇಬ್ಬರಿಗೂ ಟಿಕೆಟ್ ಹೋಗುತ್ತದೆ.

ಪ್ರೋಗ್ರಾಮರುಗಳು ಇದನ್ನು ರೇಸ್ ಕಂಡಿಷನ್ ಅನ್ನುತ್ತಾರೆ. ಒಬ್ಬರೇ ಕೂತು ಪರೀಕ್ಷೆ ಮಾಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ಹಬ್ಬದ ಹಿಂದಿನ ದಿನ, ಎಲ್ಲರೂ ಒಟ್ಟಿಗೆ ಟಿಕೆಟಿಗೆ ಮುಗಿಬಿದ್ದಾಗಲೇ ಹೊರಗೆ ಬರುತ್ತದೆ.

ಇದಕ್ಕೆ ದಾರಿ ಇದೆ. ನೋಡುವುದನ್ನೂ ಬರೆಯುವುದನ್ನೂ ಒಂದೇ ಹೆಜ್ಜೆ ಮಾಡಬೇಕು. ‘ಈ ಸೀಟು ಇನ್ನೂ ಖಾಲಿ ಇದ್ದರೆ ಮಾತ್ರ ಈ ಹೆಸರು ಬರೆ’ ಎಂದು ಸೀಟುಗಳ ಪಟ್ಟಿ ಇಟ್ಟುಕೊಂಡಿರುವ ಡೇಟಾಬೇಸಿಗೆ ಒಂದೇ ಅಪ್ಪಣೆ ಕೊಟ್ಟರಾಯಿತು. ಅದು ಪಟ್ಟಿಯಲ್ಲಿ ಆ ಸೀಟಿನ ಸಾಲಿಗೆ ಬೀಗ ಹಾಕಿಕೊಂಡು, ಒಂದು ಅಪ್ಪಣೆಯನ್ನು ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುತ್ತದೆ. ಎಷ್ಟು ಸಾಲು ಬದಲಾಯಿತು ಎಂದೂ ತಿಳಿಸುತ್ತದೆ. 1 ಅಂದರೆ ಸೀಟು ಸಿಕ್ಕಿತು, 0 ಅಂದರೆ ಇಲ್ಲ. ಒಂದು ಸಲಕ್ಕೆ ಒಬ್ಬರೇ ಒಳಗೆ ಬರುವಂತೆ ಮಾಡುವುದು ಹೇಗೆ ಎಂಬ ಲೆಕ್ಕಾಚಾರವನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲೇ ಪ್ರಕಟಿಸಿದ್ದರು. ಆಗ ವೆಬ್ ಹುಟ್ಟಿರಲೇ ಇಲ್ಲ.

ಇನ್ನು ಒಬ್ಬರೇ ಎರಡು ಸಲ ಒತ್ತುವ ಕತೆ. ಜೋರು ಮಳೆ, ಬಸ್ಸು ಶಿರಾಡಿ ಘಾಟಿಯಲ್ಲಿದೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ. ‘ಪಾವತಿಸಿ’ ಒತ್ತಿದ ಮೇಲೂ ಪರದೆ ಅಲ್ಲಾಡದಿದ್ದರೆ ಯಾರೇ ಆದರೂ ಇನ್ನೊಮ್ಮೆ ಒತ್ತುತ್ತಾರೆ, ಅಲ್ವಾ? ಕೋರಿಕೆ ಹೋಗಲೇ ಇಲ್ಲವೋ, ಹೋಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ, ಫೋನು ಹಿಡಿದವರಿಗೆ ತಿಳಿಯುವ ದಾರಿಯೇ ಇಲ್ಲ. ‘ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಎಂಬ ಎಚ್ಚರಿಕೆ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಪ್ರೋಗ್ರಾಂ ಹೊರಬೇಕಾದ ಭಾರವನ್ನು ದುಡ್ಡು ಕಟ್ಟುವವರ ತಲೆಗೆ ಕಟ್ಟುವುದು ಸರಿಯಲ್ಲ. ಒತ್ತಿದ ಕೂಡಲೇ ಬಟನ್ ಮಂಕಾಗಿಸುವುದು ಒಳ್ಳೆಯದೇ, ಆದರೆ ಸಾಲದು. ಪುಟ ಮತ್ತೆ ತೆರೆದರೆ ಬಟನ್ ಮತ್ತೆ ಸಿದ್ಧ. ಗಟ್ಟಿ ಉಪಾಯ ಅಂದರೆ ಪ್ರತಿ ಬುಕಿಂಗಿಗೂ ಒಂದು ಗುರುತಿನ ಸಂಖ್ಯೆ ಕೊಡುವುದು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಇನ್ನೊಮ್ಮೆ ದುಡ್ಡು ತೆಗೆಯದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಈ ಸಂಖ್ಯೆ ಬುಕಿಂಗಿಗೆ ಅಂಟಿಕೊಂಡಿರಬೇಕು. ಒಂದೊಂದು ಒತ್ತಿಗೆ ಒಂದೊಂದು ಹೊಸ ಸಂಖ್ಯೆ ಕೊಟ್ಟರೆ ಏನೂ ಪ್ರಯೋಜನವಿಲ್ಲ.

ಲಿಂಕಿಗೂ ಒಂದು ಶಿಸ್ತು ಇದೆ. ಲಿಂಕ್ ಒತ್ತಿದಾಗ ಬ್ರೌಸರ್ ಕಳಿಸುವುದು ಗೆಟ್ ಕೋರಿಕೆ. ವೆಬ್ಬಿನ ನಿಯಮದಂತೆ ಅದು ಓದುವುದಕ್ಕೆ ಮಾತ್ರ. ಏನಾದರೂ ಬದಲಾಯಿಸುವುದಿದ್ದರೆ ಪೋಸ್ಟ್‌ನಂಥ ಬೇರೆ ಕೋರಿಕೆ ಬೇಕು. 2005ರಲ್ಲಿ ಗೂಗಲ್ ಬಿಟ್ಟ ವೆಬ್ ಆಕ್ಸಿಲರೇಟರ್ ಎಂಬ ಪ್ರೋಗ್ರಾಂ, ಮುಂದಿನ ಪುಟ ಬೇಗ ಬರಲಿ ಎಂದು ಪುಟದೊಳಗಿನ ಲಿಂಕುಗಳನ್ನು ತಾನೇ ಮೊದಲೇ ತೆರೆದು ನೋಡುತ್ತಿತ್ತು. ‘ಅಳಿಸು’ ಎಂಬುದನ್ನು ಸಾದಾ ಲಿಂಕ್ ಮಾಡಿಟ್ಟಿದ್ದ ತಾಣಗಳಲ್ಲಿ ಯಾರೂ ಮುಟ್ಟದೆಯೇ ಜನರ ಮಾಹಿತಿ ಅಳಿಸಿಹೋಯಿತು. ಈಗಲೂ ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದರೆ, ಮುನ್ನೋಟ ತೋರಿಸಲು ಆ ಪುಟವನ್ನು ಆ್ಯಪ್ ಮೊದಲೇ ತರಿಸಿಕೊಳ್ಳುತ್ತದೆ. ಹಾಗಾಗಿ ‘ಟಿಕೆಟ್ ರದ್ದು ಮಾಡಿ’ ಎಂಬ ಲಿಂಕ್ ಮೊದಲು ಒಂದು ಪುಟವನ್ನಷ್ಟೇ ತೆರೆಯಬೇಕು. ಟಿಕೆಟ್ ರದ್ದಾಗಬೇಕಾದ್ದು ಅಲ್ಲಿರುವ ಬಟನ್ ಒತ್ತಿದ ಮೇಲೆ.