ಸಂಬಳದ ಸ್ಲಿಪ್ ಕೈಯಲ್ಲಿರುವಾಗಲೇ ಮುಗಿಸಬೇಕಾದ ಕೆಲಸಗಳು

ಈಚೆಗೆ ನನ್ನ ಕಚೇರಿಗೆ ಬರುವ ಸಣ್ಣ ಪ್ರಾಯದ ಗಂಡ ಹೆಂಡತಿ ಎರಡು ಸುದ್ದಿ ಒಟ್ಟಿಗೇ ಹೇಳುತ್ತಾರೆ. ಮನೆಗೆ ಮಗು ಬರುತ್ತಿದೆ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಮಂಗಳೂರಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಇಲ್ಲಿಯದೇ ಐಟಿ, ಬಿಪಿಒಗಳಲ್ಲಿ ಇರುವವರು, ಗಂಡ ದುಬೈಯಲ್ಲಿ ಹೆಂಡತಿ ಉಡುಪಿಯಲ್ಲಿ ಎನ್ನುವವರು, ಹೆಚ್ಚಿನವರದ್ದು ಇದೇ ಚಿಂತೆ. ಕೇಳುವ ಪ್ರಶ್ನೆಯೂ ಒಂದೇ. ಸರ್, ಎಷ್ಟು ದುಡ್ಡು ಎತ್ತಿಡಬೇಕು?

ಆ ಲೆಕ್ಕಕ್ಕೆ ಆಮೇಲೆ ಬರೋಣ. ಕೆಲಸ ಹೋದ ಮೇಲೂ ದುಡ್ಡು ಹೇಗಾದರೂ ಹೊಂದಿಸಬಹುದು. ಅಪ್ಪ ಕೊಡಬಹುದು, ಭಾವ ಕೊಡಬಹುದು, ಬಂಗಾರ ಅಡವಿಡಬಹುದು. ಆದರೆ ಕೆಲವು ಕೆಲಸಗಳು ಸಂಬಳದ ಸ್ಲಿಪ್ ಇರುವವರಿಗೆ ಮಾತ್ರ ಆಗುತ್ತವೆ, ಸ್ಲಿಪ್ ನಿಂತ ಮೇಲೆ ಅದೇ ಕೆಲಸಕ್ಕೆ ಹೋದರೆ ಬ್ಯಾಂಕಿನವರೂ ಇನ್ಶೂರೆನ್ಸಿನವರೂ "ಹೊಸ ಕೆಲಸ ಸಿಕ್ಕಿದ ಮೇಲೆ ಬನ್ನಿ" ಎನ್ನುತ್ತಾರೆ. ಹಾಗಾಗಿ ಬಂದವರಿಗೆಲ್ಲ ನಾನು ಹೇಳುವುದು ಒಂದೇ. ಈ ತಿಂಗಳು ಉಳಿತಾಯ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಮೊದಲು ಕಾಗದಪತ್ರದ ಕೆಲಸ ಮುಗಿಸಿ.

ಎಲ್ಲಕ್ಕಿಂತ ಮೊದಲು ಆರೋಗ್ಯ ವಿಮೆ. "ಕಂಪನಿಯದ್ದು ಐದು ಲಕ್ಷದ ಪಾಲಿಸಿ ಇದೆಯಲ್ಲ" ಎಂದು ಹೇಳಿ ಎಷ್ಟೋ ಜನ ನಿಶ್ಚಿಂತೆಯಿಂದ ಇರುತ್ತಾರೆ. ಕಂಪನಿಯ ಪಾಲಿಸಿ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೆರಿಗೆಗೆ ಇನ್ನು ಎರಡು ವಾರ ಇದ್ದರೂ ಅದು ಕಾಯುವುದಿಲ್ಲ. ಹಾಗಾದರೆ ಹೊಸದೊಂದು ಪಾಲಿಸಿ ತೆಗೆದುಕೊಳ್ಳೋಣ ಅಂದರೆ, ಸ್ವಂತ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಸಿಗಲು ಎರಡು ಮೂರು ವರ್ಷ ಕಾಯಬೇಕಾಗುವುದೇ ಜಾಸ್ತಿ, ಹೊಟ್ಟೆಯಲ್ಲಿ ಮಗು ಇರುವಾಗ ತೆಗೆದ ಪಾಲಿಸಿಯಿಂದ ಈ ಹೆರಿಗೆಗೆ ಏನೂ ಸಿಗುವುದಿಲ್ಲ. ಆದರೂ ತೆಗೆದುಕೊಳ್ಳಿ ಅನ್ನುತ್ತೇನೆ, ಕನಿಷ್ಠ ಗಂಡನ ಹೆಸರಿನಲ್ಲಿ. ಕೆಲಸ ಹೋದ ತಿಂಗಳಲ್ಲೇ ಅವನಿಗೆ ಡೆಂಗ್ಯೂ ಬಂದರೆ? ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ವಾ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೂ ಟರ್ಮ್ ಪಾಲಿಸಿಗೂ (ಅವಧಿಯೊಳಗೆ ಸತ್ತರೆ ಮನೆಯವರಿಗೆ ದುಡ್ಡು ಸಿಗುವ ಜೀವ ವಿಮೆ) ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಇನ್ನೊಂದು ದಾರಿಯೂ ಇದೆ. ಕೆಲಸ ಬಿಡುವಾಗ ಕಂಪನಿಯ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಕೊನೆಯ ದಿನ ಆಗುವ ಮೊದಲೇ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು.

ಕಂಪನಿ ಪಾಲಿಸಿಯಲ್ಲಿ ಹೆರಿಗೆಗೆ ಬೇರೆಯೇ ಮಿತಿ ಇರುತ್ತದೆ. ನಾನು ನೋಡಿದವುಗಳಲ್ಲಿ ಹೆಚ್ಚಿನವು 50 ಸಾವಿರದಿಂದ ಒಂದು ಲಕ್ಷದ ಒಳಗೆ. ಎಚ್‌ಆರ್‌ನವರಿಗೆ ಇಮೇಲ್ ಹಾಕಿ ಕೇಳಿ. ನಾರ್ಮಲ್ ಆದರೆ ಎಷ್ಟು, ಸಿಸೇರಿಯನ್ ಆದರೆ ಎಷ್ಟು, ಮಗು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹೋದರೆ ಆ ಬಿಲ್ಲು ಹೆರಿಗೆ ಮಿತಿಯೊಳಗೋ ಪೂರ್ತಿ ವಿಮಾ ಮೊತ್ತದೊಳಗೋ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅವಧಿಗೆ ಮೊದಲು ಹುಟ್ಟಿದ ಮಗು ಹತ್ತು ದಿನ ಎನ್‌ಐಸಿಯುನಲ್ಲಿ ಇದ್ದರೆ ಹೆರಿಗೆ ಬಿಲ್ಲಿಗಿಂತ ಅದೇ ದೊಡ್ಡದಾಗುತ್ತದೆ. ಇಬ್ಬರೂ ದುಡಿಯುವವರಾದರೆ ಒಬ್ಬರ ಪಾಲಿಸಿಯಲ್ಲಿ ಇನ್ನೊಬ್ಬರ ಹೆಸರು ಇರಲಿ. "ಎರಡೆರಡು ಯಾಕೆ, ಸುಮ್ನೆ ಪ್ರೀಮಿಯಂ ದಂಡ" ಎಂದು ಬಿಟ್ಟವರು ಆಮೇಲೆ ಒದ್ದಾಡುತ್ತಾರೆ, ಯಾಕೆಂದರೆ ವರ್ಷದ ಮಧ್ಯದಲ್ಲಿ ಹೆಸರು ಸೇರಿಸಲು ಮದುವೆ ಅಥವಾ ಮಗು ಹುಟ್ಟಿದ ಕಾರಣ ಬಿಟ್ಟು ಬೇರೆ ಕಾರಣವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಟರ್ಮ್ ಪಾಲಿಸಿಯೂ ಹಾಗೇ. ಆದಾಯದ ದಾಖಲೆ ಇಲ್ಲದೆ ದೊಡ್ಡ ಮೊತ್ತಕ್ಕೆ ಕೊಡುವುದಿಲ್ಲ. ಗಂಡ ಈಗಲೇ ತೆಗೆದುಕೊಳ್ಳಲಿ. ಹೆಂಡತಿಗೆ ತಿಂಗಳು ತುಂಬುತ್ತಾ ಬಂದಿದ್ದರೆ ಹೆಚ್ಚಿನ ಕಂಪನಿಗಳು ಹೆರಿಗೆ ಆದ ಮೇಲೆ ಬನ್ನಿ ಎನ್ನುತ್ತವೆ.

ಇನ್ನು ಕೆಲಸ ಹೋಗುವ ಭಯ ಗರ್ಭಿಣಿಗೇ ಇದ್ದರೆ? ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಕಾನೂನು ಗೊತ್ತಿಲ್ಲದೆ ತುಂಬ ಕಳೆದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಕೆಲಸ ಮಾಡುವವರಿಗೆ, ಹೆರಿಗೆಯ ತಾರೀಕಿನ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಗುತ್ತದೆ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. 2017ರ ತಿದ್ದುಪಡಿಯಲ್ಲಿ ಬಂದ ಈ 26 ವಾರ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಹೆರಿಗೆ ರಜೆಯಲ್ಲಿ ಇರುವವಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಗರ್ಭಿಣಿ ಆಗಿರುವಾಗ ತೆಗೆದರೂ, ಗಂಭೀರ ದುರ್ನಡತೆಯ ಕಾರಣ ಇಲ್ಲದಿದ್ದರೆ, ಅವಳಿಗೆ ಬರಬೇಕಾದ ಹೆರಿಗೆ ಹಣ ತಪ್ಪುವುದಿಲ್ಲ.

ತಪ್ಪುವುದು ಯಾವಾಗ ಅಂದರೆ, ರಾಜೀನಾಮೆ ಕೊಟ್ಟಾಗ. ಒಂದು ರೂಮಿಗೆ ಕರೆಯುತ್ತಾರೆ, ನಯವಾಗಿ ಮಾತಾಡುತ್ತಾರೆ, ನೀವಾಗಿ ಬಿಟ್ಟರೆ ರೆಕಾರ್ಡ್ ಚೆನ್ನಾಗಿರುತ್ತದೆ, ಇಲ್ಲಿ ಸಹಿ ಹಾಕಿ ಎನ್ನುತ್ತಾರೆ. ಹಾಕಬೇಡಿ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಎದ್ದು ಬನ್ನಿ. ಒಮ್ಮೆ "ನಾನಾಗಿಯೇ ಬಿಟ್ಟೆ" ಎಂದು ಬರೆದುಕೊಟ್ಟ ಮೇಲೆ ಹಕ್ಕು ಕೇಳುವುದು ಬಹಳ ಕಷ್ಟ. ಗಂಡಸರಿಗೂ ಇದೇ ಮಾತು. ನೋಟಿಸ್ ಅವಧಿಯ ಸಂಬಳ, ಪರಿಹಾರ ಎಲ್ಲ ಕಂಪನಿ ತೆಗೆದಾಗ ಒಂದು ಲೆಕ್ಕ, ನೀವೇ ಬಿಟ್ಟಾಗ ಇನ್ನೊಂದು ಲೆಕ್ಕ. ಗರ್ಭಿಣಿ ಎಂಬ ವಿಷಯವನ್ನು ಮುಚ್ಚಿಡುವುದರಿಂದಲೂ ಪ್ರಯೋಜನವಿಲ್ಲ. ಡಾಕ್ಟರ ಸರ್ಟಿಫಿಕೇಟ್ ಜೊತೆಗೆ ಇಮೇಲ್‌ನಲ್ಲಿ ತಿಳಿಸಿ, ಅದರ ಒಂದು ಪ್ರತಿ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ತಾರೀಕು ಇರುವ ಆ ಒಂದು ಕಾಗದ ಮುಂದೆ ನಿಮ್ಮ ಪರವಾಗಿ ಮಾತಾಡುತ್ತದೆ. ತಿಂಗಳ ಸಂಬಳ 21 ಸಾವಿರದ ಒಳಗಿದ್ದು ಇಎಸ್‌ಐ (ನೌಕರರ ಸರಕಾರಿ ವಿಮೆ) ಕಡಿತ ಆಗುತ್ತಿದ್ದರೆ ಹೆರಿಗೆಯ ಹಣ ಇಎಸ್‌ಐಯಿಂದಲೇ ಬರುತ್ತದೆ, ನಿಮ್ಮ ಇಎಸ್‌ಐ ನಂಬರ್ ಬರೆದಿಟ್ಟುಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಆರು ತಿಂಗಳ ಸಂಬಳ ಎತ್ತಿಡಿ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಕೇಳಿ ಹೆದರಿ ಏನೂ ಮಾಡದೆ ಕೂತವರೇ ಜಾಸ್ತಿ. ನನ್ನ ಪ್ರಕಾರ ಸಂಬಳದ ಲೆಕ್ಕ ಹಾಕುವುದೇ ತಪ್ಪು, ಕೊರತೆಯ ಲೆಕ್ಕ ಹಾಕಬೇಕು. ಸುರತ್ಕಲ್ ಕಡೆಯ ಒಂದು ಜೋಡಿಯದ್ದನ್ನು ಹೇಳುತ್ತೇನೆ, ಗುರುತು ಸಿಗದ ಹಾಗೆ ಅಂಕಿ ಸ್ವಲ್ಪ ಬದಲಿಸಿದ್ದೇನೆ. ಅವನ ಕೈಗೆ ಬರುವುದು 70,000, ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುವ ಅವಳಿಗೆ 32,000. ಫ್ಲಾಟಿನ ಕಂತು 27,000, ಕಾರಿನದ್ದು 9,500, ಮನೆ ಖರ್ಚು 25,000, ಊರಲ್ಲಿ ಅಪ್ಪ ಅಮ್ಮನಿಗೆ 5,000, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ದುಡ್ಡು) 10,000, ಚೀಟಿ 10,000. ಒಟ್ಟು 86,500. ಉಳಿದ 15,500 ಎಲ್ಲಿ ಹೋಗುತ್ತದೆ ಎಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವನ ಕೆಲಸ ಹೋಯಿತು ಎಂದುಕೊಳ್ಳಿ. ಎಸ್‌ಐಪಿ ನಿಲ್ಲಿಸಬಹುದು. ಚೀಟಿ ಎತ್ತಿ ಆಗಿತ್ತು, ಹಾಗಾಗಿ ಅದನ್ನು ಕಟ್ಟಲೇಬೇಕು. ನಿಲ್ಲಿಸಲು ಆಗದ ಖರ್ಚು 76,500, ಮಗುವಿನ ಡಾಕ್ಟರು, ಡೈಪರು, ಔಷಧ ಎಂದು ಇನ್ನೊಂದು 8,000 ಸೇರಿಸಿದರೆ 84,500. ಅವಳ ರಜೆಯ ಸಂಬಳ 32,000 ಬರುತ್ತಿರುತ್ತದೆ. ಕೊರತೆ ತಿಂಗಳಿಗೆ 52,500, ಆರು ತಿಂಗಳಿಗೆ 3,15,000. ಆರು ತಿಂಗಳ ಸಂಬಳ ಎಂದಿದ್ದರೆ 6,12,000 ಆಗುತ್ತಿತ್ತು. ಅವಳ 26 ವಾರ ಮುಗಿದು, ಅವನಿಗೆ ಕೆಲಸವಿಲ್ಲದ ಈ ಆರು ತಿಂಗಳೊಳಗೇ ಮೂರು ತಿಂಗಳು ಸಂಬಳವಿಲ್ಲದ ರಜೆ ಬೇಕಾದರೆ 96,000 ಸೇರಿಸಿ, 4,11,000. ಬ್ಯಾಂಕಿನಲ್ಲಿ 1,90,000 ಇತ್ತು, ಅದರಲ್ಲಿ 80,000 ಹೆರಿಗೆಗೆಂದೇ ಬೇರೆ ಖಾತೆಗೆ ಹಾಕಿಸಿದೆ. ಉಳಿದದ್ದು 1,10,000, ಜೊತೆಗೆ ಬೇರೆಯೇ ಎರಡು ಲಕ್ಷದ ಎಫ್‌ಡಿ ಇತ್ತು. ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿತ್ತು. ಎಸ್‌ಐಪಿ ನಿಲ್ಲಿಸಿ, ಸೋರುತ್ತಿದ್ದ 15,500ನ್ನೂ ಹಿಡಿದಿಟ್ಟರೆ ತಿಂಗಳಿಗೆ 25,500, ನಾಲ್ಕು ತಿಂಗಳಿಗೆ 1,02,000. ಒಟ್ಟು 4,12,000. ಕೂಡಿಸಿ ಮುಗಿದಾಗ ಅವಳ ಮುಖದ ಬಿಗಿ ಸಡಿಲಾದದ್ದು ನನಗೆ ಕಂಡಿತು. ಎಲ್ಲರಿಗೂ ಲೆಕ್ಕ ಹೀಗೆ ಸರಿಯಾಗಿ ಕೂರುವುದಿಲ್ಲ. ಆದರೆ ಎಷ್ಟು ಕಡಿಮೆ ಬೀಳುತ್ತದೆ ಎಂದಾದರೂ ಗೊತ್ತಾಗುತ್ತದೆ, ರಾತ್ರಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಗೊತ್ತಿಲ್ಲದ ಮೊತ್ತವೇ.

ಸೋರುವ ದುಡ್ಡು ಹಿಡಿಯಲು ನಮ್ಮ ಊರಿನದ್ದೇ ಹಳೆಯ ದಾರಿ ಇದೆ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಉಡುಪಿಯ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ. ದಿನದಿನದ ವ್ಯಾಪಾರ ಇರುವವರಿಗೆ ಈಗಲೂ ಅದು ಒಳ್ಳೆಯದು. ಸಂಬಳದವರು ಸಂಬಳ ಬಿದ್ದ ದಿನವೇ ಬೇರೆ ಬ್ಯಾಂಕಿನ ಖಾತೆಗೆ ತಾನಾಗಿ ಹೋಗುವ ಹಾಗೆ ಮಾಡಿ, ಆ ಖಾತೆಗೆ ಯುಪಿಐ ಜೋಡಿಸಬೇಡಿ. ಈ ಹಣವನ್ನು ಶೇರಿಗೆ ಹಾಕಬೇಡಿ, ಹೊಸ ಚೀಟಿಗೂ ಬೇಡ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಎಂದು ಪರಿಚಯದ ಸೊಸೈಟಿಯಲ್ಲಿ ಇಡುವವರು ನಮ್ಮ ಜಿಲ್ಲೆಯಲ್ಲಿ ತುಂಬ ಜನ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಬೇರೆ ದುಡ್ಡು ಎಲ್ಲಾದರೂ ಇಡಿ, ಈ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಕೆಲಸ ಹೋದಾಗ ಒಟ್ಟಿಗೆ ಒಂದಷ್ಟು ದುಡ್ಡು ಬಂದರೆ ಸಾಲ ತೀರಿಸಿಬಿಡೋಣ ಎಂದು ಅನಿಸುತ್ತದೆ. ಮನೆಯ ಹಿರಿಯರೂ ಅದನ್ನೇ ಹೇಳುತ್ತಾರೆ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ತೀರಿಸಿ, ಅದರ ಬಡ್ಡಿ ವರ್ಷಕ್ಕೆ ಶೇ. 36ರಿಂದ 42ರವರೆಗೂ ಹೋಗುತ್ತದೆ. ಮನೆ ಸಾಲಕ್ಕೆ ಮಾತ್ರ ಅವಸರ ಬೇಡ ಮಾರಾಯ್ರೆ. ತೀರಿಸಿದ ದುಡ್ಡನ್ನು ಕೆಲಸವಿಲ್ಲದವರಿಗೆ ಬ್ಯಾಂಕು ತಿರುಗಿ ಕೊಡುವುದಿಲ್ಲ. ಹೊಸ ಕೆಲಸ ಸಿಕ್ಕಿ, ಸಂಬಳ ಬರಲು ಶುರುವಾದ ಮೇಲೆ ಕಟ್ಟಬಹುದು, ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ. ಕಂತು ತಪ್ಪುತ್ತದೆ ಎಂದು ಅನಿಸಿದರೆ ತಪ್ಪುವ ಮೊದಲೇ ಮ್ಯಾನೇಜರನ್ನು ಕಾಣಿ. 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಅವರ ಕೈಯಲ್ಲೂ ಏನೂ ಇರುವುದಿಲ್ಲ. ಮನೆಯ ಬಂಗಾರ ಅಡವಿಡುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಪರ್ಸನಲ್ ಲೋನ್‌ಗಿಂತ ಬ್ಯಾಂಕಿನ ಬಂಗಾರ ಸಾಲ ಸಾಮಾನ್ಯವಾಗಿ ಕಡಿಮೆ ಬಡ್ಡಿಯದ್ದು. ಆದರೆ ಬಂಗಾರ ಅವಳದ್ದು, ಅವಳು ಮನಸ್ಸಿನಿಂದ ಒಪ್ಪಿದರೆ ಮಾತ್ರ.

ಗಂಡ ದುಬೈ, ಅಬುಧಾಬಿ ಕಡೆ ಇದ್ದರೆ ಇನ್ನೊಂದು ವಿಷಯ. ಯುಎಇಯಲ್ಲಿ 2023ರಿಂದ ನಿರುದ್ಯೋಗ ವಿಮೆ ಕಡ್ಡಾಯ ಇದೆ. ಕನಿಷ್ಠ 12 ತಿಂಗಳು ಸತತವಾಗಿ ಕಟ್ಟಿದ್ದರೆ, ಕೆಲಸ ಹೋದಾಗ ಮೂಲ ಸಂಬಳದ ಶೇ. 60ರ ಹಾಗೆ, ಮಿತಿಯೊಳಗೆ, ಮೂರು ತಿಂಗಳವರೆಗೆ ಸಿಗುತ್ತದೆ. 30 ದಿನದೊಳಗೆ ಕ್ಲೇಮ್ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ ಇಲ್ಲ, ಇಲ್ಲೂ ಅದೇ ಮಾತು ನೋಡಿ. ಅಲ್ಲಿಯ ಕಂಪನಿಯ ವಿಮೆಯನ್ನು ನಂಬಿ ಇಲ್ಲಿ ಹೆಂಡತಿಗೆ ಪಾಲಿಸಿಯೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಆ ವಿಮೆ ಊರಿನ ಹೆರಿಗೆಗೆ ಉಪಯೋಗಕ್ಕೆ ಬರುತ್ತದಾ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ.

ಖರ್ಚು ಕಡಿಮೆ ಮಾಡುವ ವಿಷಯದಲ್ಲಿ ಹೆಚ್ಚೇನೂ ಹೇಳುವುದಿಲ್ಲ, ಅದು ನಿಮ್ಮ ಮನೆಯ ವಿಷಯ. ಎರಡು ಮಾತು ಮಾತ್ರ. ಸೀಮಂತಕ್ಕೆ ಹಾಲ್ ಹಿಡಿದು ಮುನ್ನೂರು ಜನರಿಗೆ ಊಟ ಹಾಕುವ ಮೊದಲು ಅತ್ತೆ ಮಾವನಿಗೂ ತವರು ಮನೆಯವರಿಗೂ ಕೆಲಸದ ಸುದ್ದಿ ಇದ್ದದ್ದು ಇದ್ದ ಹಾಗೆ ಹೇಳಿ. ಗೊತ್ತಾದರೆ ಅವರೇ ಮನೆಯೊಳಗೆ ಮಾಡೋಣ ಎನ್ನುತ್ತಾರೆ. ಎಷ್ಟೋ ಸಲ "ಅವರಿಗೆ ಬೇಜಾರಾಗುತ್ತದೆ" ಎಂದು ಮುಚ್ಚಿಟ್ಟ ಗಂಡಸು ಸಾಲ ಮಾಡಿ ಸೀಮಂತ ಮಾಡಿಸುತ್ತಾನೆ, ಹೆಂಡತಿಗೂ ಹೇಳುವುದಿಲ್ಲ. ಅವಳಿಗೆ ಟೆನ್ಶನ್ ಆಗಬಾರದು ಎನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅವಳಿಗೆ ಬೇರೆ ಯಾರಿಂದಲೋ ಗೊತ್ತಾಗುವುದು ಅದಕ್ಕಿಂತ ಕೆಟ್ಟದ್ದು.

ಇನ್ನೊಂದು ಮಾತು, ಸರಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯಬೇಡಿ. ಮಂಗಳೂರಿನ ಲೇಡಿಗೋಷನ್ ಸರಕಾರಿ ಆಸ್ಪತ್ರೆಯಲ್ಲಿ ದಕ್ಷಿಣ ಕನ್ನಡದವರು ಮಾತ್ರವಲ್ಲ, ಹೊರ ಜಿಲ್ಲೆಗಳಿಂದ ಬಂದವರೂ ಹೆರಿಗೆ ಮಾಡಿಸಿಕೊಳ್ಳುತ್ತಾರೆ. ಉಡುಪಿಯಲ್ಲೂ ಸರಕಾರಿ ಹೆಂಗಸರ ಮಕ್ಕಳ ಆಸ್ಪತ್ರೆ ಇದೆ. ಖಾಸಗಿಯಲ್ಲೇ ತೋರಿಸುತ್ತಿದ್ದರೂ ತಾಯಿ ಕಾರ್ಡ್ ಮಾಡಿಸಿಕೊಳ್ಳಿ, ಆಶಾ ಕಾರ್ಯಕರ್ತೆಯ ನಂಬರ್ ಇರಲಿ. ಹೆರಿಗೆ ಖಾಸಗಿಯಲ್ಲೇ ಆದರೂ ಮಗುವಿನ ಲಸಿಕೆ ಸರಕಾರಿಯಲ್ಲಿ ಹಾಕಿಸಬಹುದು. ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾ, ನ್ಯುಮೋಕೋಕಲ್, ಎಂಆರ್ ಎಲ್ಲ ಅಲ್ಲಿ ಉಚಿತ.

ಕೊನೆಗೆ ಲ್ಯಾಪ್‌ಟಾಪ್. ಕೆಲಸದಿಂದ ತೆಗೆದ ದಿನವೇ ಕಂಪನಿಯವರು ಲಾಗಿನ್ ಬಂದ್ ಮಾಡುವುದು ಸಾಮಾನ್ಯ. ಸಂಬಳದ ಸ್ಲಿಪ್‌ಗಳು, ಫಾರ್ಮ್ 16, ನೇಮಕಾತಿ ಪತ್ರ, ವಿಮೆಯ ಇ-ಕಾರ್ಡ್ ಇವನ್ನು ಈ ವಾರವೇ ಇಳಿಸಿಟ್ಟುಕೊಳ್ಳಿ. ಪಿಎಫ್‌ನಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸರಿಯಿದೆಯಾ, ನಾಮಿನಿ ಯಾರು ಎಂದು ನೋಡಿ. ಮದುವೆಗೆ ಮೊದಲು ಬರೆದ ಅಮ್ಮನ ಹೆಸರೇ ಇನ್ನೂ ಇರುವುದು ನಾನು ಆಗಾಗ ನೋಡುವ ವಿಷಯ. ಐದು ವರ್ಷ ಆಗುವ ಮೊದಲೇ ಪಿಎಫ್ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, ಹಳೆಯ ಕಂಪನಿಯ ಪಿಎಫ್ ವರ್ಗಾಯಿಸಿದ್ದರೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಮಗು ಹುಟ್ಟಿದ ಮೇಲೆ 21 ದಿನದೊಳಗೆ ಜನನ ನೋಂದಣಿ ಆಗಿದೆಯಾ ಎಂದು ಆಸ್ಪತ್ರೆಯಲ್ಲಿ ಕೇಳಿ. ಹೆಸರು ಇಟ್ಟಿಲ್ಲ ಎಂದು ಕಾಯಬೇಡಿ, ಅದನ್ನು ಆಮೇಲೆ ಸೇರಿಸಬಹುದು. ಕಂಪನಿಯ ವಿಮೆಗೆ ಮಗುವನ್ನು ಸೇರಿಸಲು ಹೆಚ್ಚಿನ ಕಡೆ ಕೊಡುವುದು 30 ದಿನ. ಬಾಣಂತನದ ಗಡಿಬಿಡಿಯಲ್ಲಿ ಅದು ಕಳೆದುಹೋಗುತ್ತದೆ, ಹಾಗಾಗಿ ಆ ಒಂದು ಇಮೇಲ್ ಕಳಿಸುವ ಕೆಲಸ ಗಂಡನದ್ದು ಎಂದು ಈಗಲೇ ಮಾತಾಡಿಕೊಳ್ಳಿ.